ಒಂದು ರಜೆಯ ದಿನದಲ್ಲಿ ಜ್ವಾಲಾಮುಖಿಯೂ ಪ್ರಾಚೀನ ಗುಹೆಗಳೂ
ಭಾಜೆ-ಕಾರ್ಲೆ ಪ್ರವಾಸಕ್ಕೆ ಹೊರಡುವವರಿಗೆ ಪೂರ್ವಪಾಠ



ನಮ್ಮ ವಾಚನಾಲಯಕ್ಕೆ ಬರುವ ಪತ್ರಿಕೆಗಳಲ್ಲಿ ಪರದೇಶ ಪ್ರವಾಸದ ಲೇಖನಗಳಿಗೆ ಓದುಗರು ಹೆಚ್ಚು. ಇಟಲಿ ದೇಶದ ನೇಪಲ್ಸ್ ನಗರದಿಂದ ಬೆಳಿಗ್ಗೆ ಹೊರಟು, ಪಾಂಪೆಯಿ ಎಂಬ ಹಾಳೂರನ್ನೂ ವಿಸೂವಿಯಸ್ ಎಂಬ ಅಗ್ನಿಪರ್ವತವನ್ನೂ ನೋಡಿಕೊಂಡು ಸಂಜೆಗೆ ಮರಳುವ ಪ್ರವಾಸದ ವರ್ಣನೆಯನ್ನು ಓದಿದವರು, "ಇಂಥ ಭಾಗ್ಯ ನಮಗೆಲ್ಲಿಯದು?" ಎಂದು ಪತ್ರಿಕೆಯನ್ನು ಮಡಿಸಿಡುವುದುಂಟು. ಗಿರಣಿಯಲ್ಲಿ ದುಡಿಯುವವರಿಗೂ ಕಚೇರಿಯಲ್ಲಿ ಬರೆಯುವವರಿಗೂ ವಾರಕ್ಕೆ ಸಿಗುವುದು ಒಂದೇ ರಜೆ. ಅದರಲ್ಲಿ ಬಟ್ಟೆ ಒಗೆಯಬೇಕು, ಊರಿಗೆ ಹಣ ಕಳಿಸಬೇಕು, ಮಕ್ಕಳ ಪಾಠ ನೋಡಬೇಕು. ಇಟಲಿಯ ಮಾತು ಎಲ್ಲಿ ಬಂತು?

ಆದರೆ ನಾವು ಹೇಳಬಯಸುವುದೇನೆಂದರೆ, ಪುಣೆಯಲ್ಲಿರುವವರಿಗೂ ಅಂಥದೇ ಒಂದು ದಿನದ ಪ್ರವಾಸ ಉಂಟು. ಲೋಣಾವಳೆಗೆ ಹೋಗುವ ಲೋಕಲ್ ಗಾಡಿಯಲ್ಲಿ ಕುಳಿತರೆ, ಲೋಣಾವಳೆಗೆ ಮುಂಚಿನ ನಿಲ್ದಾಣ ಮಳವಲಿ. ಅಲ್ಲಿ ಇಳಿದರೆ ಒಂದು ಮಗ್ಗುಲಿಗೆ ಭಾಜೆ, ಇನ್ನೊಂದು ಮಗ್ಗುಲಿಗೆ ಕಾರ್ಲೆ. ಎರಡೂ ಕಡೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಕೊರೆದ ಬೌದ್ಧ ಗುಹೆಗಳಿವೆ. ಜ್ವಾಲಾಮುಖಿ ಎಲ್ಲಿ ಎಂದು ಕೇಳುವಿರಾದರೆ, ಆ ಗುಹೆಗಳನ್ನು ಕೊರೆದಿರುವ ಕಲ್ಲೇ ಜ್ವಾಲಾಮುಖಿ. ಅದನ್ನು ನೋಡಲು ಬೇರೆ ಬೆಟ್ಟ ಹತ್ತಬೇಕಾಗಿಲ್ಲ.

ಅಲ್ಲಿ ಕನ್ನಡಿಗರಾದ ನಾವು ತಿಳಿದಿರಬೇಕಾದ ಒಂದು ಹೆಸರೂ ಇದೆ. ಅದನ್ನು ಮುಂದೆ ಹೇಳುತ್ತೇವೆ. ಮೊದಲು ಇಟಲಿಯ ಸಂಗತಿಯನ್ನು ಸ್ವಲ್ಪದರಲ್ಲಿ ಮುಗಿಸೋಣ. ಅದು ತಿಳಿದರೆ ನಮ್ಮದು ಹೇಗೆ ಬೇರೆ ಎಂಬುದು ಸ್ಪಷ್ಟವಾಗುತ್ತದೆ.

1. ಅಲ್ಲಿಯ ಬೆಟ್ಟ

ಕ್ರಿಸ್ತಶಕ 79ರಲ್ಲಿ ವಿಸೂವಿಯಸ್ ಸಿಡಿಯಿತು. ಬೂದಿಯೂ ಹಗುರವಾದ ನೊರೆಗಲ್ಲೂ ಮಳೆಯಂತೆ ಸುರಿದವು; ಆಮೇಲೆ ಉರಿಗಾಳಿಯೂ ಬಿಸಿ ಬೂದಿಯೂ ಕೂಡಿ ಪ್ರವಾಹದಂತೆ ಇಳಿದು ಬಂದವು. ಪಾಂಪೆಯಿ ಪಟ್ಟಣ ಹಲವು ಮೀಟರು ಆಳದಲ್ಲಿ ಹೂತುಹೋಯಿತು. ಕೊಲ್ಲಿಯ ಆಚೆಯಿಂದ ಇದನ್ನು ಕಣ್ಣಾರೆ ಕಂಡ ಕಿರಿಯ ಪ್ಲಿನಿ ಎಂಬ ರೋಮನ್ ತರುಣನು ಮುಂದೆ ಟ್ಯಾಸಿಟಸ್ ಎಂಬ ಇತಿಹಾಸಕಾರನಿಗೆ ಬರೆದ ಪತ್ರಗಳು ಉಳಿದು ಬಂದಿವೆ. 1748ರಲ್ಲಿ ಅಲ್ಲಿ ಅಗೆತ ಪ್ರಾರಂಭವಾಯಿತು. ಬೀದಿ, ರೊಟ್ಟಿಯ ಅಂಗಡಿ, ಗೋಡೆಯ ಬರಹ, ಎಲ್ಲವೂ ಇದ್ದಂತೆಯೇ ಹೊರಬಂದವು. ಆ ಬೆಟ್ಟ ಕೊನೆಯ ಬಾರಿ ಉರಿ ಕಾರಿದ್ದು 1944ರಲ್ಲಿ.

ಅಂದರೆ ಅಲ್ಲಿ ಊರು ಮೊದಲು ಇದ್ದಿತು, ಬೆಂಕಿ ಆಮೇಲೆ ಬಂದಿತು; ಬಂದು ಊರನ್ನು ನುಂಗಿತು. ನಮ್ಮಲ್ಲಿ ಬೆಂಕಿ ಮೊದಲು ಬಂದಿತು. ಅದು ಆರಿ ಕೋಟಿಗಟ್ಟಲೆ ವರ್ಷಗಳಾದ ಮೇಲೆ ಮನುಷ್ಯರು ಬಂದು ಅದರ ಕಲ್ಲಿನಲ್ಲಿ ಮನೆ ಮಾಡಿದರು.

2. ಬೆಟ್ಟವಿಲ್ಲದ ಜ್ವಾಲಾಮುಖಿ

ಜ್ವಾಲಾಮುಖಿ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ತುದಿಯಲ್ಲಿ ಹೊಗೆಯಾಡುವ ಶಂಕುವಿನಾಕಾರದ ಬೆಟ್ಟ. ಎಲ್ಲ ಜ್ವಾಲಾಮುಖಿಗಳೂ ಹಾಗಿರುವುದಿಲ್ಲ. ಭೂಮಿಯೊಳಗಿನ ಕರಗಿದ ಕಲ್ಲು, ಅಂದರೆ ಲಾವಾ, ಅಂಟಾಗಿಯೂ ಮಂದವಾಗಿಯೂ ಇದ್ದರೆ ಅದರೊಳಗಿನ ಅನಿಲವು ಹೊರಬರಲಾರದೆ ಒತ್ತಡ ಹೆಚ್ಚಿ ಸಿಡಿಯುತ್ತದೆ. ವಿಸೂವಿಯಸ್ ಆ ಜಾತಿಯದು. ಲಾವಾ ತೆಳುವಾಗಿದ್ದರೆ ಸಿಡಿತ ಕಡಿಮೆ, ಹರಿತ ಹೆಚ್ಚು. ಆಲೆಮನೆಯಲ್ಲಿ ಬೆಲ್ಲದ ಪಾಕವನ್ನು ಕೊಪ್ಪರಿಗೆಯಿಂದ ಬಗ್ಗಿಸಿದಾಗ ಅದು ಹೇಗೆ ಸಮವಾಗಿ ಹರಡಿ, ಮೇಲೆ ಕೆನೆಗಟ್ಟಿ, ನಿಧಾನವಾಗಿ ಗಟ್ಟಿಯಾಗುವುದೋ, ಹಾಗೆ ಅದು ಬಯಲೆಲ್ಲ ಹರಡಿ ಕಲ್ಲಾಗುತ್ತದೆ.

ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ನಡೆದದ್ದು ಇದು. ನೆಲದಲ್ಲಿ ಉದ್ದುದ್ದ ಬಿರುಕುಗಳು ಬಿಟ್ಟು ಅವುಗಳಿಂದ ಲಾವಾ ಉಕ್ಕಿ ಹರಿಯಿತು. ಒಮ್ಮೆ ಹರಿದು ಆರಿದ ಪದರದ ಮೇಲೆ ಕೆಲಕಾಲದ ಬಳಿಕ ಇನ್ನೊಂದು, ಅದರ ಮೇಲೆ ಮತ್ತೊಂದು, ಹೀಗೆ ಲಕ್ಷಾಂತರ ವರ್ಷ ನಡೆಯಿತು. ಆ ಕಾಲದಲ್ಲಿ ನಮ್ಮ ಭೂಖಂಡ ಈಗಿನ ಸ್ಥಳದಲ್ಲಿರಲಿಲ್ಲ. ಅದು ದಕ್ಷಿಣದಿಂದ ಉತ್ತರಕ್ಕೆ ನಿಧಾನವಾಗಿ ತೇಲಿ ಬರುತ್ತಿದ್ದಿತು. ದಾರಿಯಲ್ಲಿ ಭೂಗರ್ಭದ ಒಂದು ಬಿಸಿ ಚಿಲುಮೆಯ ಮೇಲೆ ಹಾಯ್ದಾಗ ಈ ಉಕ್ಕು ಆಯಿತೆಂದು ಹೆಚ್ಚಿನ ಭೂವಿಜ್ಞಾನಿಗಳು ಎಣಿಸುತ್ತಾರೆ. ಆ ಚಿಲುಮೆ ಇಂದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ. ಅಲ್ಲಿಯ ಜ್ವಾಲಾಮುಖಿ ಈಗಲೂ ಉರಿ ಕಾರುತ್ತದೆ. ಡೈನೊಸಾರ್ ಎಂಬ ದೈತ್ಯ ಪ್ರಾಣಿಗಳು ಅಳಿದದ್ದೂ ಸುಮಾರು ಇದೇ ಕಾಲಕ್ಕೆ. ಆಗಲೇ ಮೆಕ್ಸಿಕೊ ದೇಶದ ತೀರದಲ್ಲಿ ಒಂದು ದೊಡ್ಡ ಉಲ್ಕೆಯೂ ಬಿದ್ದಿತು. ಅಳಿವಿಗೆ ಉಲ್ಕೆಯ ಪಾಲೆಷ್ಟು, ನಮ್ಮ ಲಾವಾದ ಪಾಲೆಷ್ಟು ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ.

ಹೀಗೆ ಆದ ಕಪ್ಪು ಕಲ್ಲನ್ನು ಬಸಾಲ್ಟ್ ಎನ್ನುತ್ತಾರೆ. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರು ನೆಲವನ್ನು ಹೊದ್ದುಕೊಂಡಿದೆ. ಸಹ್ಯಾದ್ರಿಯ ಕೆಲವು ಕಡೆ ಅದರ ದಪ್ಪ ಎರಡು ಕಿಲೋಮೀಟರಿಗೂ ಮಿಕ್ಕಿದೆ. ಪದರದ ಮೇಲೆ ಪದರ ಇರುವುದರಿಂದ ಇಲ್ಲಿಯ ಬೆಟ್ಟಗಳ ಪಕ್ಕಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಇದಕ್ಕೆ ದಖ್ಖನ್ ಟ್ರ್ಯಾಪ್ ಎಂಬ ಹೆಸರು ಬಂದದ್ದೂ ಆದುದರಿಂದಲೇ. ಸ್ವೀಡಿಷ್ ಭಾಷೆಯಲ್ಲಿ ಟ್ರ್ಯಾಪ್ಪ ಎಂದರೆ ಮೆಟ್ಟಿಲು.

ಪುಣೆಯ ಪರ್ವತಿ ಗುಡ್ಡವನ್ನೋ ವೇತಾಳ ಟೇಕಡಿಯನ್ನೋ ತೋರಿಸಿ, "ಇದು ಆರಿದ ಜ್ವಾಲಾಮುಖಿ" ಎನ್ನುವವರಿದ್ದಾರೆ. ಅದು ಸರಿಯಲ್ಲ. ಇಡೀ ಬಯಲೇ ಲಾವಾದ್ದು. ಮಳೆಯೂ ಹೊಳೆಗಳೂ ಸುತ್ತಲಿನದನ್ನು ಕೊರೆದೊಯ್ದ ಬಳಿಕ ಉಳಿದ ಗಟ್ಟಿ ತುಣುಕುಗಳೇ ಈ ಗುಡ್ಡಗಳು. ನಿಜವಾಗಿ ಉರಿಯುವ ಜ್ವಾಲಾಮುಖಿ ನಮ್ಮ ದೇಶದಲ್ಲಿ ಒಂದೇ. ಅದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ.

3. ಈ ಕಲ್ಲು ನಮ್ಮ ಊರಿನದೂ ಹೌದು

ವಿಜಯಪುರ, ಕಲಬುರಗಿ, ಬೀದರ ಮತ್ತು ಬೆಳಗಾವಿ ಕಡೆಯಿಂದ ಬಂದ ವಾಚಕರು ಇದನ್ನು ಗಮನಿಸಬೇಕು. ಈ ಲಾವಾದ ಹಾಸು ಮಹಾರಾಷ್ಟ್ರದ ಗಡಿಯಲ್ಲಿ ನಿಂತಿಲ್ಲ. ಆ ಜಿಲ್ಲೆಗಳಲ್ಲಿಯೂ ಅದು ವಿಸ್ತಾರವಾಗಿ ಹರಡಿದೆ. ನಾವು ಎರೆ ಎನ್ನುವ, ಬಿಳಿಜೋಳವನ್ನೂ ಹತ್ತಿಯನ್ನೂ ಬೆಳೆಯುವ ಕಪ್ಪು ಮಣ್ಣು ಬಹುಮಟ್ಟಿಗೆ ಈ ಕಲ್ಲೇ ಸವೆದು ಆದದ್ದು. 1656ರಲ್ಲಿ ಮುಗಿದ ವಿಜಯಪುರದ ಗೋಲಗುಮ್ಮಟಕ್ಕೆ ಬಳಸಿದ್ದೂ ಕಪ್ಪು ಬಸಾಲ್ಟ್. ಪುಣೆಯ ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರವನ್ನು 8ನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಕೊರೆದದ್ದೂ ಈ ಕಲ್ಲಿನಲ್ಲಿಯೇ. ಪ್ರವಾಸಕ್ಕೆ ಮೊದಲು ಒಂದು ಸಂಜೆ ಅಲ್ಲಿಗೆ ಹೋಗಿ ಆ ಗುಂಡನೆಯ ನಂದಿಮಂಟಪವನ್ನು ನೋಡಿ ಬಂದರೆ ಕಣ್ಣಿಗೆ ಒಳ್ಳೆಯ ಅಭ್ಯಾಸವಾಗುತ್ತದೆ.

ಇನ್ನು ಬಾದಾಮಿಯ ಗುಹೆಗಳು ಕೆಂಪು ಮರಳುಗಲ್ಲಿನವು, ಹಂಪಿಯದು ಗ್ರಾನೈಟ್, ಧಾರವಾಡದ ಕಲ್ಲುಗಳು 250 ಕೋಟಿ ವರ್ಷಗಳಿಗಿಂತಲೂ ಹಳೆಯವು. ಅವುಗಳ ಮುಂದೆ ದಖ್ಖನ್ನಿನ ಲಾವಾ ಚಿಕ್ಕ ಕೂಸು. ಗುಹೆ ಎಂದರೆ ಎಲ್ಲವೂ ಒಂದೇ ಎಂದು ತಿಳಿಯಬಾರದು. ಕಲ್ಲು ಬೇರೆಯಾದರೆ ಉಳಿಯ ಕೆಲಸವೂ ಬೇರೆ.

4. ದಾರಿಯಲ್ಲಿ ನೋಡತಕ್ಕವು

ಗಾಡಿ ತಳೇಗಾಂವ ದಾಟಿದ ಮೇಲೆ ಕಿಟಕಿಯ ಹೊರಗೆ ನೋಡಿರಿ. ಬೆಟ್ಟಗಳ ಮೈಮೇಲೆ ಅಡ್ಡಡ್ಡವಾಗಿ ಗೆರೆ ಎಳೆದಂತೆ ಕಾಣುವ ಅಂಚುಗಳೇ ಲಾವಾದ ಪದರಗಳು. ಎಣಿಸಬಹುದಾದಷ್ಟು ಎಣಿಸಿರಿ. ಗಟ್ಟಿಯಾದ ಪದರ ಕಡಿದಾದ ಗೋಡೆಯಂತೆ ನಿಲ್ಲುತ್ತದೆ. ಮೆತ್ತನೆಯದು ಇಳಿಜಾರಾಗಿ ಹುಲ್ಲು ಬೆಳೆಸಿಕೊಳ್ಳುತ್ತದೆ.

ಮಳವಲಿಯಲ್ಲಿ ಇಳಿದು ನಡೆಯುವಾಗ ದಾರಿಯ ಪಕ್ಕದ ಕಲ್ಲುಗಳನ್ನು ಹತ್ತಿರದಿಂದ ನೋಡಿರಿ. ಕೆಲವು ಕಲ್ಲುಗಳ ಮೈತುಂಬ ದೋಸೆಯ ಮೇಲಿನಂತೆ ಸಣ್ಣ ತೂತುಗಳಿರುತ್ತವೆ. ಲಾವಾ ಆರುವಾಗ ಮೇಲಕ್ಕೇರಿದ ಅನಿಲದ ಗುಳ್ಳೆಗಳ ಗುರುತು ಅವು. ಆದುದರಿಂದ ತೂತುಗಳು ಪದರದ ಮೇಲ್ಭಾಗದಲ್ಲಿ ಹೆಚ್ಚು. ಕಾಲಾಂತರದಲ್ಲಿ ನೀರು ಹರಿದು ಆ ತೂತುಗಳಲ್ಲಿ ಬಿಳಿಯ ಹರಳುಗಳು ಬೆಳೆದಿರುವುದುಂಟು. ಈ ಸೀಮೆಯ ಜಿಯೊಲೈಟ್ ಎಂಬ ಹರಳುಗಳು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಹೆಸರಾಗಿವೆ. ಎರಡು ಪದರಗಳ ನಡುವೆ ಇಟ್ಟಿಗೆ ಬಣ್ಣದ ಮಣ್ಣಿನ ಪಟ್ಟಿ ಕಂಡರೆ, ಒಂದು ಪ್ರವಾಹಕ್ಕೂ ಮುಂದಿನದಕ್ಕೂ ನಡುವೆ ಬಿಡುವು ಸಿಕ್ಕಿ ಕಲ್ಲು ಸವೆದು ಮಣ್ಣಾಗಿತ್ತೆಂದು ತಿಳಿಯಬೇಕು. ಆ ಕೆಂಪು ಪಟ್ಟಿ ಜ್ವಾಲಾಮುಖಿಯ ರಜೆಯ ದಿನ.

ಗುಹೆ ಕೊರೆಯುವವರು ಇದೆಲ್ಲವನ್ನೂ ಬಲ್ಲವರಾಗಿದ್ದರು. ದಪ್ಪವಾದ, ಬಿರುಕು ಕಡಿಮೆಯಿರುವ ಪದರವನ್ನು ಆರಿಸಿಕೊಂಡು ಅವರು ಕೆಲಸ ಹಿಡಿಯುತ್ತಿದ್ದರು. ಮನೆ ಕಟ್ಟುವವರು ಅಡಿಪಾಯದಿಂದ ಮೇಲಕ್ಕೆ ಹೋಗುತ್ತಾರೆ. ಗುಹೆ ಕೊರೆಯುವವರು ಸಾಮಾನ್ಯವಾಗಿ ಚಾವಣಿಯಿಂದ ಕೆಳಕ್ಕೆ ಬರುತ್ತಿದ್ದರು. ಮೇಲಿನ ಕೆಲಸ ಮುಗಿದ ಹಾಗೆ ಕೆಳಗಿನ ಕಲ್ಲನ್ನು ತೆಗೆಯುತ್ತಾ ಹೋದರೆ ಅಟ್ಟಣೆ ಕಟ್ಟುವ ಖರ್ಚಿಲ್ಲ. ಒಂದು ಏಟು ತಪ್ಪಿದರೆ ಮಾತ್ರ ಬದಲು ಕಲ್ಲು ತಂದು ಕೂಡಿಸುವಂತಿಲ್ಲ.

5. ಭಾಜೆ

ಮೊದಲು ಭಾಜೆಯನ್ನು ನೋಡುವುದು ಕಾಲಕ್ರಮಕ್ಕೂ ಅನುಕೂಲಕ್ಕೂ ಸರಿ. ವಿಸಾಪುರ ಕೋಟೆಯ ಬೆಟ್ಟದ ಮಗ್ಗುಲಲ್ಲಿ 22 ಗುಹೆಗಳಿವೆ. ಕ್ರಿಸ್ತಪೂರ್ವ 2ನೆಯ ಶತಮಾನದ ಹೊತ್ತಿಗೆ ಇಲ್ಲಿ ಕೆಲಸ ಆರಂಭವಾಗಿತ್ತು.

ಎರಡು ಶಬ್ದಗಳನ್ನು ನೆನಪಿಡಿರಿ. ಭಿಕ್ಷುಗಳು ವಾಸಿಸುವ ಗುಹೆ ವಿಹಾರ. ನಡುವೆ ಅಂಗಳ, ಸುತ್ತ ಸಣ್ಣ ಕೋಣೆಗಳು, ಮಲಗಲು ಕಲ್ಲಿನ ಜಗುಲಿ. ಪೂಜೆಗೆ ಸೇರುವ ಗುಹೆ ಚೈತ್ಯ. ಅದರ ಕೊನೆಯಲ್ಲಿ ಗುಮ್ಮಟದಂತಹ ಸ್ತೂಪ ಇರುತ್ತದೆ. ಆ ಕಾಲದಲ್ಲಿ ಬುದ್ಧನ ಮೂರ್ತಿ ಮಾಡುವ ವಾಡಿಕೆ ಇಲ್ಲಿ ಇರಲಿಲ್ಲ. ಸ್ತೂಪಕ್ಕೆ ಪ್ರದಕ್ಷಿಣೆ ಬರುವುದೇ ಪೂಜೆ.

ಭಾಜೆಯ ಚೈತ್ಯದಲ್ಲಿ ಕಂಬಗಳು ಒಳಕ್ಕೆ ವಾಲಿರುವುದನ್ನು ನೋಡಿರಿ. ಮರದ ಮನೆಯಲ್ಲಿ ಚಾವಣಿಯ ಭಾರವನ್ನು ತಡೆಯಲು ಕಂಬವನ್ನು ವಾಲಿಸಿ ನಿಲ್ಲಿಸುತ್ತಾರೆ. ಕಲ್ಲಿನ ಗುಹೆಗೆ ಅದರ ಅಗತ್ಯವಿಲ್ಲ. ಆದರೂ ಬಡಗಿಯ ಕೈಯ ರೂಢಿಯನ್ನು ಕಲ್ಲುಕುಟಿಗ ಹಾಗೆಯೇ ಉಳಿಸಿಕೊಂಡ. ಮೇಲೆ ಕಮಾನಿಗೆ ನಿಜವಾದ ಮರದ ತೊಲೆಗಳನ್ನೂ ಜೋಡಿಸಿದ. ಹತ್ತಿರದಲ್ಲಿ 14 ಚಿಕ್ಕ ಸ್ತೂಪಗಳ ಗುಂಪಿದೆ; ಐದು ಒಳಗೆ, ಒಂಬತ್ತು ಹೊರಗೆ. ಇವು ತೀರಿಹೋದ ಹಿರಿಯ ಭಿಕ್ಷುಗಳ ನೆನಪಿಗೆ ಮಾಡಿದವು. ಕೆಲವುಗಳ ಮೇಲೆ ಅವರ ಹೆಸರುಗಳಿವೆ. ಕೊನೆಯ ಕಡೆಯ ವಿಹಾರದಲ್ಲಿ ರಥದ ಮೇಲೆ ಒಬ್ಬ, ಆನೆಯ ಮೇಲೆ ಒಬ್ಬ, ಹೀಗೆ ಎರಡು ಪ್ರಸಿದ್ಧ ಶಿಲ್ಪಗಳಿವೆ. ಸೂರ್ಯ ಮತ್ತು ಇಂದ್ರ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿಯೇ ಜೋಡಿ ಮದ್ದಳೆ ನುಡಿಸುವ ಹೆಂಗಸೂ ಕುಣಿಯುವ ಹೆಂಗಸೂ ಇದ್ದಾರೆ. ಸಂಗೀತದಲ್ಲಿ ಆಸಕ್ತಿಯುಳ್ಳವರು ಬಿಡದೆ ನೋಡತಕ್ಕದ್ದು.

6. ಕಾರ್ಲೆ

ಭಾಜೆಯಿಂದ ಮಳವಲಿಗೆ ಮರಳಿ, ಇಂದ್ರಾಯಣಿ ಹೊಳೆ ಹರಿಯುವ ಕಣಿವೆಯನ್ನು ದಾಟಿ ಎದುರಿನ ಬೆಟ್ಟಕ್ಕೆ ಹೋಗಬೇಕು. ನೂರಾರು ಮೆಟ್ಟಿಲುಗಳಿವೆ. ಮೇಲೆ ಚೈತ್ಯದ ಎದುರಿಗೇ ಏಕವೀರಾ ದೇವಿಯ ಗುಡಿಯಿದೆ. ಕೊಂಕಣದ ಕೋಳಿ ಜನರಿಗೂ ಇತರ ಅನೇಕರಿಗೂ ಆಕೆ ಕುಲದೇವತೆ. ಗುಡಿಯ ಕಡೆ ಬರುವವರು ಭಕ್ತರು. ನಾವು ಅವರ ದಾರಿಗೆ ಅಡ್ಡ ಬರಬಾರದು.

ಕಾರ್ಲೆಯ ಚೈತ್ಯವು ನಮ್ಮ ದೇಶದ ಇಂಥ ಗುಹೆಗಳಲ್ಲೆಲ್ಲ ದೊಡ್ಡದು. ಉದ್ದ ಸುಮಾರು 124 ಅಡಿ; ಅಗಲವೂ ಎತ್ತರವೂ ಸುಮಾರು 45 ಅಡಿ. ಎರಡು ಸಾಲುಗಳಲ್ಲಿ ಹದಿನೈದು ಹದಿನೈದು ಕಂಬಗಳು, ಸ್ತೂಪದ ಹಿಂದೆ ಏಳು ಸಾದಾ ಕಂಬಗಳು. ಕಂಬಗಳ ತಲೆಯ ಮೇಲೆ ಆನೆಗಳು, ಅವುಗಳ ಮೇಲೆ ಕುಳಿತ ಜೋಡಿಗಳು. ಚಾವಣಿಯ ಮರದ ತೊಲೆಗಳೂ ಸ್ತೂಪದ ಮೇಲಿನ ಮರದ ಛತ್ರಿಯೂ ಪ್ರಾಚೀನ ಕಾಲದವೇ. ಮರಕ್ಕೆ ಸುಮಾರು ಎರಡು ಸಾವಿರ ವರ್ಷ ಎಂಬುದು ಸಣ್ಣ ಮಾತಲ್ಲ. ಹೊರಗೋಡೆಯ ಮೇಲಿನ ಬುದ್ಧಮೂರ್ತಿಗಳು ಮಾತ್ರ ಹಲವು ಶತಮಾನಗಳ ತರುವಾಯ ಕೊರೆದವು.

"ಇದನ್ನು ಪಾಂಡವರು ಒಂದೇ ರಾತ್ರಿಯಲ್ಲಿ ಮಾಡಿದರು" ಎಂದು ಯಾರಾದರೂ ಹೇಳಿದರೆ ವಾದ ಮಾಡುವುದು ಬೇಡ. ಇಷ್ಟು ದೊಡ್ಡ ಕೆಲಸವನ್ನು ನಮ್ಮಂತಹ ಮನುಷ್ಯರು ಮಾಡಿಯಾರೇ ಎಂಬ ಬೆರಗಿನಿಂದ ಹುಟ್ಟಿದ ಮಾತು ಅದು. ಆದರೆ ಮಾಡಿದವರು ನಮ್ಮಂತಹ ಮನುಷ್ಯರೇ. ಸಾಕ್ಷಿ ಕಲ್ಲಿನ ಮೇಲೆಯೇ ಇದೆ.

7. ಕಲ್ಲಿನ ಮೇಲಿನ ವರ್ಗಣಿ ಪುಸ್ತಕ

ಕಾರ್ಲೆಯಲ್ಲಿ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಅನೇಕ ಶಾಸನಗಳಿವೆ. ಅವು ಬಹುಮಟ್ಟಿಗೆ ಒಂದೇ ಮಾದರಿಯವು: ಇಂಥ ಊರಿನ, ಇಂಥ ಕಸುಬಿನ, ಇಂಥವನು ಕೊಟ್ಟ ಇಂಥ ವಸ್ತು. ಲೆಕ್ಕ ಬರೆಯುವವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ನಮ್ಮ ಸಂಘದ ವರ್ಗಣಿ ಪುಸ್ತಕವೂ ಹೀಗೆಯೇ ಇದೆ.

ಯಾರ ಹೆಸರುಗಳು? ಕಂಬಗಳನ್ನು ಕೊಟ್ಟವರಲ್ಲಿ ಹಲವರು ಧೇನುಕಾಕಟ ಎಂಬ ಊರಿನ ಯವನರು, ಅಂದರೆ ಪಶ್ಚಿಮ ದೇಶದ ಮೂಲದವರೆಂದು ಹೇಳಿಕೊಂಡವರು. ಒಂದು ಕಂಬ ಸೋಪಾರಾ ಬಂದರಿನ ಒಬ್ಬ ಭಿಕ್ಷುವಿನದು. ಬಾಗಿಲ ಕೆಲಸದಲ್ಲಿ ಸಾಮಿ ಎಂಬ ಬಡಗಿಯ ಹೆಸರಿದೆ. ಇನ್ನೊಂದು ಬಾಗಿಲು ಸಿಂಹದತ್ತ ಎಂಬ ಸುಗಂಧ ವ್ಯಾಪಾರಿಯ ದಾನ. ಎದುರಿನ ಸಿಂಹಸ್ತಂಭವು ಅಗ್ನಿಮಿತ್ರಣಕ ಎಂಬ ಮಹಾರಠಿಯ ದಾನ. ಶಕರ ಅರಸು ನಹಪಾನನ ಅಳಿಯ ಉಷವದಾತನು ಇಲ್ಲಿಯ ಭಿಕ್ಷುಗಳ ಉಪಜೀವನಕ್ಕಾಗಿ ಕರಜಿಕ ಎಂಬ ಗ್ರಾಮವನ್ನು ಬಿಟ್ಟುಕೊಟ್ಟ. ಆ ನಹಪಾನನನ್ನು ಸೋಲಿಸಿದ ಗೌತಮೀಪುತ್ರ ಸಾತಕರ್ಣಿಯದೆಂದು ಪಂಡಿತರು ಹೇಳುವ ಇನ್ನೊಂದು ಶಾಸನ ಅದೇ ಗ್ರಾಮವನ್ನು ಅದೇ ಭಿಕ್ಷುಗಳಿಗೆ ಮತ್ತೆ ಕೊಡಿಸುತ್ತದೆ. ಆಜ್ಞೆ ಹೋದದ್ದು ಮಾಮಾಲದ ಅಧಿಕಾರಿಗೆ. ಮಾಮಾಲ ಎಂದರೆ ಇಂದಿನ ಮಾವಳ ತಾಲೂಕಿನ ಸೀಮೆ. ಅರಸರು ಹೊಡೆದಾಡಿದರು, ದಫ್ತರದಲ್ಲಿ ದತ್ತಿ ಮುಂದುವರಿಯಿತು.

ಧೇನುಕಾಕಟ ಎಲ್ಲಿತ್ತು ಎಂಬುದರ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಪುಣೆಯಲ್ಲಿ ನೆಲೆಸಿದ್ದ ಗಣಿತಜ್ಞ ದಾಮೋದರ ಧರ್ಮಾನಂದ ಕೋಸಂಬಿಯವರು ಈ ಬೆಟ್ಟಗಳನ್ನು ಕಾಲ್ನಡಿಗೆಯಿಂದ ಸುತ್ತಿ, ಅದು ಕಾರ್ಲೆಯ ಸಮೀಪದ ದೇವಘರ ಎಂಬ ಹಳ್ಳಿಯೇ ಇರಬೇಕೆಂದು ವಾದಿಸಿದರು. ಅವರು 1966ರಲ್ಲಿ ತೀರಿಕೊಂಡರು. ಕಸುಬಿನಿಂದ ಗಣಿತಜ್ಞರು, ಆಸಕ್ತಿಯಿಂದ ಇತಿಹಾಸಕಾರರು. ಅವರ ಈ ಕೆಲಸದ ಬಹುಭಾಗಕ್ಕೆ ಕಾಲುಗಳೇ ಸಾಧನ. ರಜೆಯ ದಿನ ಮಾತ್ರ ಬಿಡುವಿರುವವರು ಇದನ್ನು ಮನಸ್ಸಿನಲ್ಲಿಡಬೇಕು.

8. ಬನವಾಸಿಯ ಶೆಟ್ಟಿ

ಈಗ ಮೊದಲು ಹೇಳಿದ ಹೆಸರಿಗೆ ಬರೋಣ. ಚೈತ್ಯದ ಮುಖಮಂಟಪದ ಎಡಬದಿಯಲ್ಲಿ ಒಂದು ಚಿಕ್ಕ ಶಾಸನವಿದೆ. ಅದರ ತಾತ್ಪರ್ಯ ಇಷ್ಟು: ವೇಜಯಂತಿಯ ಸೆಠಿ ಭೂತಪಾಲನು ಈ ಕಲ್ಲುಮನೆಯನ್ನು ಪೂರ್ಣಗೊಳಿಸಿದನು, ಜಂಬೂದ್ವೀಪದಲ್ಲಿ ಇದು ಉತ್ತಮವಾದದ್ದು.

ವೇಜಯಂತಿ ಎಂದರೆ ವೈಜಯಂತಿ. ಅದು ಇಂದಿನ ಉತ್ತರ ಕನ್ನಡ ಜಿಲ್ಲೆಯ ಬನವಾಸಿಯೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ಮುಂದೆ ಕದಂಬರು ರಾಜಧಾನಿ ಮಾಡಿಕೊಂಡ ಊರು. 10ನೆಯ ಶತಮಾನದಲ್ಲಿ ಪಂಪ ಮಹಾಕವಿ ಹಂಬಲಿಸಿ ನೆನೆದ ನಾಡು. ಕಾರ್ಲೆಗೂ ಬನವಾಸಿಗೂ ನಕ್ಷೆಯ ಮೇಲೆ ನೇರ ಗೆರೆ ಎಳೆದರೂ ಸುಮಾರು 500 ಕಿಲೋಮೀಟರು. ರೈಲಿಲ್ಲದ, ಮೋಟಾರಿಲ್ಲದ ಕಾಲದಲ್ಲಿ, ಕ್ರಿಸ್ತಶಕದ ಮೊದಲ ಶತಮಾನದ ಸುಮಾರಿಗೆ, ಒಬ್ಬ ಬನವಾಸಿಯವನು ವ್ಯಾಪಾರ ಹಿಡಿದು ಇಷ್ಟು ದೂರ ಬಂದಿದ್ದ. ಕಲ್ಯಾಣ, ಸೋಪಾರಾ ಬಂದರುಗಳಿಂದ ಬೋರ ಘಾಟ ಹತ್ತಿ ಬರುವ ಸರಕು ಈ ಕಣಿವೆಯಲ್ಲಿಯೇ ಹಾಯಬೇಕು. 1863ರಲ್ಲಿ ತೆರೆದ ಘಾಟಿನ ರೈಲು ಹಿಡಿದದ್ದೂ, 2002ರಲ್ಲಿ ಮುಗಿದ ಮುಂಬಯಿ-ಪುಣೆ ವೇಗಮಾರ್ಗ ಹಿಡಿದದ್ದೂ ಇದೇ ದಿಕ್ಕು. ಹೊಟ್ಟೆಪಾಡಿಗೆ ನಾವು ಬಂದ ದಾರಿ ಹೊಸದಲ್ಲ.

ಶಾಸನದ ಭಾಷೆ ಕನ್ನಡವಲ್ಲ. ಕನ್ನಡದ ಹಲ್ಮಿಡಿ ಶಾಸನ ಸುಮಾರು 450ನೆಯ ಇಸವಿಯದು. ಅದಕ್ಕೆ ಇನ್ನೂ ಮೂರು ನಾಲ್ಕು ಶತಮಾನಗಳಿದ್ದವು. ಆದರೆ ಕಿವಿಗೊಟ್ಟರೆ ಪರಿಚಿತ ಮಾತುಗಳು ಕೇಳುತ್ತವೆ. ಅಲ್ಲಿಯ ಸೆಠಿ ನಮ್ಮ ಶೆಟ್ಟಿ. ಅಲ್ಲಿಯ ವಢಕಿ ನಮ್ಮ ಬಡಗಿಯ ಬಂಧು. ಅಲ್ಲಿಯ ಗಂಧಿಕ ನಮ್ಮ ಗಂಧಿಗ. ಮರಾಠಿಯಲ್ಲಿಯೂ ಶೇಟ, ಗಾಂಧಿ ಎಂಬ ಮಾತುಗಳಿಗೆ ಅದೇ ಬೇರು.

ಇದರಿಂದ ನಾವು ಕಲಿಯಬೇಕಾದದ್ದೇನು? ಪುಣೆಯಲ್ಲಿ ಬಾಳುವ ನಮ್ಮವರಲ್ಲಿ ಎರಡು ಬಗೆಯ ಮಾತುಗಳನ್ನು ಕೇಳುತ್ತೇವೆ. ಒಂದು: "ಇದು ನಮ್ಮ ಊರಲ್ಲ, ದುಡಿಯುವಷ್ಟು ದಿನ ದುಡಿದು ಹೋಗುವುದು, ಇಲ್ಲಿಯ ಕಲ್ಲು ಮಣ್ಣು ನಮಗೇಕೆ?" ಇಂಥ ಮನಸ್ಸಿನಿಂದ ಇಪ್ಪತ್ತು ಮೂವತ್ತು ವರ್ಷ ಒಂದು ಊರಿನಲ್ಲಿದ್ದು ಅದರ ಒಂದು ಬೆಟ್ಟದ ಹೆಸರೂ ತಿಳಿಯದೆ ಹೋದವರುಂಟು. ಅವರ ಮಕ್ಕಳು ಹುಟ್ಟಿ ಬೆಳೆದದ್ದು ಇಲ್ಲಿ. ಆ ಮಕ್ಕಳಿಗೆ ಅಪ್ಪನ ಊರೂ ಅರ್ಧ, ಈ ಊರೂ ಅರ್ಧ. ಇನ್ನೊಂದು ಮಾತು ಇದಕ್ಕೆ ವಿರುದ್ಧವಾದದ್ದು: "ಕಾರ್ಲೆ ಕಟ್ಟಿಸಿದವನು ನಮ್ಮವನು, ಆದ್ದರಿಂದ ಕಾರ್ಲೆ ನಮ್ಮದು." ಈ ಪಾಠ ಓದಿ ಯಾರೂ ಹಾಗೆ ಜಂಬ ಕೊಚ್ಚಬಾರದೆಂದು ನಮ್ಮ ವಿನಂತಿ. ಕಂಬಗಳು ಯವನರವು, ಗ್ರಾಮ ಶಕನದು, ಆಜ್ಞೆ ಸಾತವಾಹನರದು, ಬಾಗಿಲು ಸ್ಥಳೀಯ ಬಡಗಿಯದು. ಉಳಿಯ ಏಟು ಹಾಕಿದ ಬಹುಮಂದಿಯ ಹೆಸರೇ ಇಲ್ಲ. ಭೂತಪಾಲ ಇವರಲ್ಲೊಬ್ಬ. ಆದರೆ ಅವನು ಮೊದಲಿನವರಂತೆ ಅನ್ನಲಿಲ್ಲ. ತನ್ನ ಊರಿನ ಹೆಸರನ್ನು ಮರೆಯಲಿಲ್ಲ. ಇದ್ದ ಊರಿಗೆ ಕೊಡುವುದನ್ನೂ ಬಿಡಲಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಿಸಿದ. ಅಷ್ಟು ನಮಗೂ ಸಾಧ್ಯ. ನಮ್ಮ ವಾಚನಾಲಯದಲ್ಲಿ ಕುರ್ಚಿ ಒಬ್ಬರದು, ದೀಪ ಒಬ್ಬರದು, ವಾರಪತ್ರಿಕೆ ಒಬ್ಬರದು. ಅದರಲ್ಲಿ ಕುಳಿತು ಓದುವವರಿಗೆ ಬಾಗಿಲಲ್ಲಿ ಜಾತಿ ಭಾಷೆ ಕೇಳುವುದಿಲ್ಲ.

9. ಮತ್ತೆ ಪಾಂಪೆಯಿಗೆ

ಇಟಲಿಗೂ ಈ ಸೀಮೆಗೂ ನಿಜವಾಗಿಯೇ ಒಂದು ಸಂಬಂಧವಿದೆ. 1938ರಲ್ಲಿ ಪಾಂಪೆಯಿಯ ಒಂದು ಮನೆಯಲ್ಲಿ, ಬೂದಿಯ ಅಡಿಯಲ್ಲಿ, ಆನೆದಂತದ ಒಂದು ಪುಟ್ಟ ಸ್ತ್ರೀಮೂರ್ತಿ ಸಿಕ್ಕಿತು. ಎತ್ತರ ಸುಮಾರು 25 ಸೆಂಟಿಮೀಟರು. ಕೆಲಸ ನಿಸ್ಸಂಶಯವಾಗಿ ಭಾರತದ್ದು. ಪಾಂಪೆಯಿಯ ಲಕ್ಷ್ಮಿ ಎಂದು ಅದಕ್ಕೆ ಹೆಸರು ಬಿದ್ದಿದೆ, ನೇಪಲ್ಸ್ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಹೋಲುವ ಮೂರ್ತಿಗಳು ಮಹಾರಾಷ್ಟ್ರದ ತೇರ ಮತ್ತು ಭೋಕರದನ ಎಂಬ ಊರುಗಳಲ್ಲಿ ಸಿಕ್ಕಿರುವುದರಿಂದ, ಅದು ದಖ್ಖನ್ನಿನಲ್ಲಿಯೇ ತಯಾರಾಗಿರಬಹುದೆಂದು ಪಂಡಿತರು ಊಹಿಸುತ್ತಾರೆ. 79ನೆಯ ಇಸವಿಯ ಬೂದಿಯಲ್ಲಿ ಹೂತದ್ದರಿಂದ ಅದು ಅದಕ್ಕೂ ಮುಂಚಿನದೆಂಬುದು ಖಂಡಿತ. ಅಂದರೆ ಸುಮಾರು ಕಾರ್ಲೆಯ ಕಾಲದಲ್ಲಿಯೇ, ನಮ್ಮ ಸೀಮೆಯ ಕುಶಲಕರ್ಮಿಯ ಕೈಕೆಲಸ ವಿಸೂವಿಯಸ್ಸಿನ ಬುಡದಲ್ಲಿ ಒಂದು ಮನೆಯನ್ನು ಸಿಂಗರಿಸುತ್ತಿತ್ತು.

10. ಹೊರಡುವವರಿಗೆ ಸೂಚನೆಗಳು

(1) ಖಡಕಿ, ಪಿಂಪರಿ, ಚಿಂಚವಡ ಕಡೆಯವರು ತಮ್ಮ ತಮ್ಮ ನಿಲ್ದಾಣದಲ್ಲಿಯೇ ಲೋಣಾವಳೆ ಲೋಕಲ್ ಹತ್ತಬಹುದು. ಬೆಳಗಿನ ಗಾಡಿಯೇ ಒಳ್ಳೆಯದು. ಮಧ್ಯಾಹ್ನ ಗಾಡಿಗಳು ವಿರಳ. ಮರಳುವ ಗಾಡಿಯ ಹೊತ್ತನ್ನು ಮೊದಲೇ ಬರೆದುಕೊಳ್ಳಿರಿ.

(2) ಬುತ್ತಿಯನ್ನೂ ನೀರನ್ನೂ ಕಟ್ಟಿಕೊಳ್ಳಿರಿ. ಎರಡೂ ಕಡೆ ಪುರಾತತ್ತ್ವ ಇಲಾಖೆಯ ಟಿಕೇಟು ಉಂಟು, ಚಿಲ್ಲರೆ ಇಟ್ಟುಕೊಳ್ಳಿರಿ.

(3) ಚೈತ್ರದ ಜಾತ್ರೆ ಮತ್ತು ನವರಾತ್ರಿಯ ದಿನಗಳಲ್ಲಿ ಕಾರ್ಲೆಯಲ್ಲಿ ಬಹಳ ದಟ್ಟಣೆ. ನೋಡಿ ಕಲಿಯಲು ಬೇರೆ ದಿನ ಆರಿಸಿರಿ. ಮಳೆಗಾಲದಲ್ಲಿ ಬೆಟ್ಟ ಅತಿ ಚೆಲುವು, ಮೆಟ್ಟಿಲು ಅತಿ ಜಾರು.

(4) ಚಿಕ್ಕ ಬ್ಯಾಟರಿ ದೀಪ ಜೊತೆಗಿರಲಿ. ಶಾಸನದ ಮೇಲೆ ಬೆಳಕನ್ನು ಪಕ್ಕದಿಂದ ಬಿಟ್ಟರೆ ಅಕ್ಷರಗಳು ಎದ್ದು ಕಾಣುತ್ತವೆ. ಸುಣ್ಣ, ಸೀಮೆಸುಣ್ಣ, ನೀರು ಹಚ್ಚಬೇಡಿರಿ. ಹರಳಿಗಾಗಿ ಕಲ್ಲು ಒಡೆಯಬೇಡಿರಿ.

(5) ಗೋಡೆಯ ಮೇಲೆ ಹೆಸರು ಕೆತ್ತುವ ಕೆಟ್ಟ ಚಾಳಿ ಎಲ್ಲ ಕಡೆಯೂ ಇದೆ. ಕೆತ್ತಿದ ಹೆಸರುಗಳಲ್ಲಿ ಯಾವ ಲಿಪಿಯೂ ಇಲ್ಲದೆ ಇಲ್ಲ. ಮಕ್ಕಳಿಗೆ ತಿಳಿಸಿ ಹೇಳಿರಿ: ಇಲ್ಲಿ ಹೆಸರು ಬರೆಯಿಸಿದವರು ಒಂದು ಕಂಬವನ್ನೋ ಬಾಗಿಲನ್ನೋ ಕೊಟ್ಟು ಬರೆಯಿಸಿದರು. ಏನೂ ಕೊಡದೆ ಹೆಸರು ಬರೆಯುವವನು ಆ ಕಲ್ಲಿನಿಂದ ಕಸಿದುಕೊಂಡ ಹಾಗೆ.

ಅಭ್ಯಾಸಕ್ಕೆ ಪ್ರಶ್ನೆಗಳು

1. ವಿಸೂವಿಯಸ್ಸಿನ ಸಿಡಿತಕ್ಕೂ ದಖ್ಖನ್ನಿನ ಲಾವಾ ಪ್ರವಾಹಕ್ಕೂ ವ್ಯತ್ಯಾಸವೇನು?
2. ಬೆಟ್ಟದ ಪದರಗಳ ನಡುವಿನ ಕೆಂಪು ಪಟ್ಟಿ ಏನನ್ನು ಸೂಚಿಸುತ್ತದೆ?
3. ಭಾಜೆಯ ಕಂಬಗಳು ಒಳಕ್ಕೆ ವಾಲಿರುವುದೇಕೆ?
4. ಕಾರ್ಲೆಯ ದಾನಿಗಳಲ್ಲಿ ಐವರ ಕಸುಬನ್ನೋ ಮೂಲವನ್ನೋ ಹೇಳಿರಿ.
5. ನಿಮ್ಮ ಸ್ವಂತ ಊರಿನ ಕಲ್ಲು ಯಾವುದು? ಮುಂದಿನ ಸಲ ಊರಿಗೆ ಹೋದಾಗ ಬಾವಿಯ ಕಟ್ಟೆಯನ್ನೂ ಬೀಸುವ ಕಲ್ಲನ್ನೂ ನೋಡಿ ಬಂದು ಬರೆಯಿರಿ.

ಉತ್ತರಗಳನ್ನು ವಾಚನಾಲಯದ ಮೇಜಿನ ಮೇಲಿನ ವಹಿಯಲ್ಲಿ ಬರೆಯಬಹುದು. ಬರೆಯಲು ಬಾರದ ಹಿರಿಯರು ಬಾಯಲ್ಲಿ ಹೇಳಿದರೆ ನಾವು ಬರೆದುಕೊಳ್ಳುತ್ತೇವೆ. ಐದನೆಯ ಪ್ರಶ್ನೆಗೆ ಬರುವ ಉತ್ತರಗಳನ್ನು, ಬರೆದವರ ಊರಿನ ಹೆಸರಿನೊಂದಿಗೆ, ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡುವೆವು.